ಡ್ರಿಲ್ ಮೇಷ್ಟ್ರು ಮತ್ತು ಮನೋರಮೆಯ ನಗು

ಕನ್ನಡದಲ್ಲಿ ಹಳೆಯ ಕವಿಗಳಿಗೆ ಏಕವಚನ, ಹೊಸ ಸಾಹಿತಿಗಳಿಗೆ ಬಹುವಚನ. ಪಂಪ ಬರೆದ, ರನ್ನ ಬರೆದ ಎನ್ನುತ್ತೇವೆ. ಪಂಜೆಯವರು ಬರೆದರು, ಗೋವಿಂದ ಪೈಗಳು ಬರೆದರು ಎನ್ನುತ್ತೇವೆ. ಇದು ಯಾರೂ ಹೇಳಿಕೊಟ್ಟ ನಿಯಮವಲ್ಲ, ಬಾಯಿಗೆ ತಾನಾಗಿ ಬರುತ್ತದೆ. ಈ ಲೆಕ್ಕದಲ್ಲಿ ಒಬ್ಬ ಕವಿಯ ಜಾಗ ಮಾತ್ರ ವಿಚಿತ್ರವಾಗಿದೆ. ಮುದ್ದಣ ಹುಟ್ಟಿದ್ದು 1870ರಲ್ಲಿ. ಪಂಜೆ ಮಂಗೇಶರಾಯರಿಗಿಂತ ನಾಲ್ಕೇ ವರ್ಷ ದೊಡ್ಡವನು. ಆದರೂ ಅವನನ್ನು ಪಂಪ, ರನ್ನರ ಸಾಲಿನಲ್ಲಿ ಕೂರಿಸಿ, ಮುದ್ದಣ ಬರೆದ ಎಂದೇ ಹೇಳುತ್ತೇವೆ.

ಇದು ನಮ್ಮ ಅಗೌರವವೇನಲ್ಲ. ಅವನೇ ಹೂಡಿದ ಆಟದಲ್ಲಿ ನಾವಿನ್ನೂ ಸಿಕ್ಕಿಕೊಂಡಿದ್ದೇವೆ, ಅಷ್ಟೆ. ಕಾವ್ಯ ಹೀಗೇ ಇರಬೇಕು ಎಂದು ಸಾವಿರ ವರ್ಷ ಕಾನೂನು ಮಾಡಿದವರನ್ನೆಲ್ಲ ಒಬ್ಬ ಹೆಂಗಸಿನ ಬಾಯಿಂದ ಗೇಲಿ ಮಾಡಿಸಿ, ಆ ಗೇಲಿಗೆ ತನ್ನ ಮನೆ ವಿಳಾಸವನ್ನೂ ಕೊಡದೆ ಹೊರಟುಹೋದವನು ಮುದ್ದಣ. ಹಾಗಾಗಿ ಈ ಬರಹದಲ್ಲಿ ಮುದ್ದಣನಿಗೆ ಏಕವಚನವನ್ನೇ ಬಳಸುತ್ತೇನೆ. ಆ ಹೆಸರಿನ ಹಿಂದಿದ್ದ ಮನುಷ್ಯನಿಗೆ, ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪನವರಿಗೆ, ಬಹುವಚನ. ಇಬ್ಬರೂ ಒಬ್ಬರೇ ಎಂದು ನಾಡಿಗೆಲ್ಲ ಗೊತ್ತಾಗುವ ಹೊತ್ತಿಗೆ ಅವರು ಬದುಕಿರಲಿಲ್ಲ.

ನಂದಳಿಕೆ ಇರುವುದು ಕಾರ್ಕಳದ ಹತ್ತಿರ, ಈಗಿನ ಉಡುಪಿ ಜಿಲ್ಲೆಯಲ್ಲಿ. ತಂದೆ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಿ. ಮಗುವನ್ನು ತಾಯಿ ಮುದ್ದಿನಿಂದ ಕರೆಯುತ್ತಿದ್ದ ಹೆಸರು ಮುದ್ದಣ. ಬಡತನದ ಮನೆ. ಊರಿನಲ್ಲಿ ಒಂದಷ್ಟು ಓದು, ಆಮೇಲೆ ಉಡುಪಿಯಲ್ಲಿ ಒಂದಷ್ಟು. ಹೈಸ್ಕೂಲಿನ ಓದೂ ಪೂರ್ತಿಯಾಗಲಿಲ್ಲ. ಹೊಟ್ಟೆಪಾಡಿಗೆ ಒಂದು ಕೆಲಸ ಬೇಕಿತ್ತು. ಮದರಾಸಿಗೆ ಹೋಗಿ ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು ಬಂದರು. ಉಡುಪಿ, ಕುಂದಾಪುರಗಳ ಶಾಲೆಗಳಲ್ಲಿ ಮಕ್ಕಳಿಗೆ ಕವಾಯತು ಹೇಳಿಕೊಡುವುದು ಅವರ ನೌಕರಿಯಾಯಿತು.

ಅಂದರೆ ಶಾಲೆಯ ಸ್ಟಾಫ್ ರೂಮಿನಲ್ಲಿ ಸಾಹಿತ್ಯದ ಮಾತಿಗೆ ಯಾರೂ ಮೊದಲು ಕರೆಯದ ಮೇಷ್ಟ್ರು. ನಮ್ಮ ಕಾಲೇಜುಗಳಲ್ಲಿ ಪಿ.ಟಿ. ಮಾಸ್ಟರಿಗೆ ಇರುವ ಜಾಗ ನೆನಪು ಮಾಡಿಕೊಂಡರೆ ಇದು ಅರ್ಥವಾಗುತ್ತದೆ. ಆದರೆ ಈ ಮೇಷ್ಟ್ರು ಪಂಡಿತರ ಒಡನಾಟದಲ್ಲಿ, ಹೆಚ್ಚಾಗಿ ತಮ್ಮ ಪಾಡಿಗೆ ತಾವು, ಹಳಗನ್ನಡವನ್ನು ಓದಿ ಕರಗತ ಮಾಡಿಕೊಂಡರು. ಅದಕ್ಕೂ ಮೊದಲು ಅವರಿಗೆ ಸಿಕ್ಕಿದ್ದು ಯಕ್ಷಗಾನ. ರತ್ನಾವತಿ ಕಲ್ಯಾಣ, ಕುಮಾರವಿಜಯ ಎಂಬ ಎರಡು ಪ್ರಸಂಗಗಳನ್ನು ಬರೆದರು. ತಾಳಮದ್ದಳೆ ಕೇಳಿದವರಿಗೆ ಗೊತ್ತು, ಅಲ್ಲಿ ಅರ್ಥಧಾರಿಗಳು ಕಥೆಯನ್ನು ಸುಮ್ಮನೆ ಒಪ್ಪಿಸುವುದಿಲ್ಲ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಅಲ್ಲೇ ಹಿಡಿದು ಪ್ರಶ್ನೆ ಹಾಕುತ್ತಾನೆ. ರಾಮನನ್ನೂ ಕೃಷ್ಣನನ್ನೂ ಜಗ್ಗಿಸಿ ಕೇಳುತ್ತಾನೆ. ಮುಂದೆ ಮುದ್ದಣ ಮಾಡಿದ ಕೆಲಸದ ಬೇರು ಇಲ್ಲಿದೆ ಎಂದು ನನಗೆ ಅನಿಸುತ್ತದೆ.

ಆಗಿನ ಕಾಲವನ್ನು ಸ್ವಲ್ಪ ನೋಡಬೇಕು. ನಮ್ಮ ವನಗೂರಿನಿಂದ ಬಿಸಿಲೆ ಘಾಟಿ ಇಳಿದರೆ ಕುಕ್ಕೆ ಸುಬ್ರಹ್ಮಣ್ಯ. ಈಗ ಅದು ಎರಡು ಜಿಲ್ಲೆಗಳ ನಡುವಿನ ಗಡಿ. ಆಗ ಎರಡು ಸರಕಾರಗಳ ನಡುವಿನ ಗಡಿ. ಘಟ್ಟದ ಮೇಲೆ ಮೈಸೂರು ಸಂಸ್ಥಾನ, ಘಟ್ಟದ ಕೆಳಗೆ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ. ಪುಸ್ತಕ, ವಿದ್ವಾಂಸರು, ಅರಮನೆಯ ಆಸರೆ ಎಲ್ಲ ಇದ್ದದ್ದು ಮೈಸೂರಿನಲ್ಲಿ. ಅಲ್ಲಿ ಎಂ.ಎ. ರಾಮಾನುಜಯ್ಯಂಗಾರ್ ಮತ್ತು ಎಸ್.ಜಿ. ನರಸಿಂಹಾಚಾರ್ ಅವರು ತಾಳೆಗರಿಗಳಲ್ಲಿ ನವೆಯುತ್ತಿದ್ದ ಹಳೆಯ ಕಾವ್ಯಗಳನ್ನು ಹುಡುಕಿ, ಕಾವ್ಯಮಂಜರಿ ಎಂಬ ಹೆಸರಿನಲ್ಲಿ ಅಚ್ಚು ಹಾಕುತ್ತಿದ್ದರು. ಅದು ದೊಡ್ಡ ಕೆಲಸ. ಆ ಶ್ರಮವಿಲ್ಲದಿದ್ದರೆ ನಮ್ಮ ಎಷ್ಟೋ ಕಾವ್ಯಗಳು ಗೆದ್ದಲಿನ ಪಾಲಾಗುತ್ತಿದ್ದವು. ಆದರೆ ಆ ಬಾಗಿಲು ಹಳೆಯದಕ್ಕೆ ಮಾತ್ರ ತೆರೆದಿತ್ತು.

ಕರಾವಳಿಯ ಒಬ್ಬ ಡ್ರಿಲ್ ಮೇಷ್ಟ್ರು, ಇಪ್ಪತ್ತೈದರ ಆಸುಪಾಸಿನ ಹುಡುಗ, ತಾನೇ ಬರೆದದ್ದು ಎಂದು ಹಳಗನ್ನಡದ ಕೃತಿಯೊಂದನ್ನು ಕಳಿಸಿದರೆ ಏನಾಗುತ್ತಿತ್ತು? ಓದದೆಯೇ ವಾಪಸು ಬರುವ ಸಾಧ್ಯತೆ ಹೆಚ್ಚು. ಲಕ್ಷ್ಮೀನಾರಣಪ್ಪನವರು ತೆರೆದಿದ್ದ ಒಂದೇ ಬಾಗಿಲಿನಿಂದ ಒಳಗೆ ಹೋದರು. ತಾವು ಕಳಿಸುತ್ತಿರುವುದು ತಮ್ಮ ಕೈಗೆ ಸಿಕ್ಕ ಹಳೆಯ ಕೃತಿ ಎಂದರು. ಹಾಗೆ 1895ರಲ್ಲಿ ಅದ್ಭುತ ರಾಮಾಯಣ ಅಚ್ಚಾಯಿತು. ಸೀತೆ ತಾನೇ ಯುದ್ಧಕ್ಕೆ ನಿಂತು ಸಾವಿರ ತಲೆಯ ರಾವಣನನ್ನು ಕೊಲ್ಲುವ ಕಥೆ ಅದು. ಮರುವರ್ಷ ವಾರ್ಧಕ ಷಟ್ಪದಿಯಲ್ಲಿ ಬರೆದ ಶ್ರೀರಾಮಪಟ್ಟಾಭಿಷೇಕ ಬಂತು. ಅದಕ್ಕೆ ಕವಿಯ ಹೆಸರಾಗಿ ಕೊಟ್ಟದ್ದು ತಾಯಿಯ ಹೆಸರನ್ನು, ಮಹಾಲಕ್ಷ್ಮಿ ಎಂದು. ಆಮೇಲೆ, ಶತಮಾನ ಮುಗಿಯುವ ಹೊತ್ತಿಗೆ, ಶ್ರೀರಾಮಾಶ್ವಮೇಧ.

ಈ ಮೂರನೆಯ ಪುಸ್ತಕದಲ್ಲಿಯೇ ನಾನು ಹೇಳುತ್ತಿರುವ ಗೇಲಿ ಇರುವುದು. ಹೊರಗೆ ಮಳೆಗಾಲ. ಕವಿ ಮುದ್ದಣ ಮನೆಗೆ ಬರುತ್ತಾನೆ. ಹೆಂಡತಿ ಮನೋರಮೆ ಉಪಚರಿಸಿ, ಹೊತ್ತು ಹೋಗುವಂತೆ ಒಂದು ಕಥೆ ಹೇಳಿ ಎನ್ನುತ್ತಾಳೆ. ಅವನು ಕಥೆಗಳ ಪಟ್ಟಿ ಕೊಡುತ್ತಾನೆ, ಅವಳು ಆರಿಸುತ್ತಾಳೆ. ಪದ್ಯವೋ ಗದ್ಯವೋ ಎಂಬ ಪ್ರಶ್ನೆ ಬರುತ್ತದೆ. ಅವಳು ಪದ್ಯವನ್ನು ಒಂದೇ ಏಟಿಗೆ ತಳ್ಳಿಹಾಕಿ, ಮನಸ್ಸಿಗೆ ಒಗ್ಗುವುದು ಗದ್ಯವೇ ಎನ್ನುತ್ತಾಳೆ. ಅವನು ಸರಿ ಎಂದು, ಹಿಂದಿನ ಕವಿಗಳ ಠೀವಿಯಲ್ಲಿ, ಒಂದಕ್ಕೊಂದು ಕೊಂಡಿ ಹಾಕಿದ ಉದ್ದುದ್ದ ಸಂಸ್ಕೃತ ಸಮಾಸಗಳಿಂದ ಶುರು ಮಾಡುತ್ತಾನೆ. ಅವಳು ತಡೆಯುತ್ತಾಳೆ. ನೀರೂ ಇಳಿಯದ ಗಂಟಲಿಗೆ ಕಡುಬು ತುರುಕಿದರೆ ಹೇಗಿರುತ್ತದೋ ಈ ಮಾತು ಹಾಗಿದೆ ಎನ್ನುವುದು ಅವಳ ದೂರು. ತಿಳಿಗನ್ನಡದಲ್ಲಿ ಹೇಳಬಾರದೇಕೆ ಎಂದು ಕೇಳುತ್ತಾಳೆ. ಅವನು ಸೋಲೊಪ್ಪಿಕೊಂಡು ದಾರಿಗೆ ಬರುತ್ತಾನೆ. ಕಥೆಯ ನಡುವೆಯೂ ಈ ಗಂಡ ಹೆಂಡಿರು ಮತ್ತೆ ಮತ್ತೆ ಬರುತ್ತಾರೆ. ಅವಳು ಕೆಣಕುತ್ತಾಳೆ, ಅವನು ಸಮಜಾಯಿಷಿ ಕೊಡುತ್ತಾನೆ.

ಓದುವಾಗ ಇದು ಸರಸ. ಆದರೆ ಆ ಸರಸದ ಒಳಗೆ ಎಷ್ಟು ಹಳೆಯ ಜಗಳವಿದೆ ನೋಡಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಕನ್ನಡ, ಸಂಸ್ಕೃತ ಪದಗಳನ್ನು ಹೇಗೆ ಬೆರೆಸಬೇಕು, ಯಾವ ಬೆರಕೆ ದೋಷ ಎಂದು ನಿಯಮ ಹೇಳಿತು. ಹನ್ನೆರಡನೆಯ ಶತಮಾನದಲ್ಲಿ ಧರ್ಮಾಮೃತ ಬರೆದ ನಯಸೇನ, ಕನ್ನಡದೊಳಗೆ ಸಂಸ್ಕೃತ ತುಂಬುವುದನ್ನು ತುಪ್ಪಕ್ಕೆ ಎಣ್ಣೆ ಬೆರೆಸುವುದಕ್ಕೆ ಹೋಲಿಸಿ ಹಾಸ್ಯ ಮಾಡಿದ. ಹದಿಮೂರನೆಯ ಶತಮಾನದ ಆಂಡಯ್ಯ ಸಂಸ್ಕೃತದ ನೇರ ಪದಗಳೇ ಇಲ್ಲದೆ ಕಬ್ಬಿಗರ ಕಾವ ಬರೆದು ತೋರಿಸಿದ. ಇನ್ನು ಮಹಾಕಾವ್ಯ ಎನ್ನಿಸಿಕೊಳ್ಳಬೇಕಾದರೆ ಸಮುದ್ರ, ಬೆಟ್ಟ, ನಗರ, ಸೂರ್ಯೋದಯ ಎಂದು ಹದಿನೆಂಟು ವರ್ಣನೆಗಳು ಇರಲೇಬೇಕು ಎಂಬ ಲಕ್ಷಣ ಬೇರೆ. ನಮ್ಮ ಲ್ಯಾಬ್ ರೆಕಾರ್ಡಿನಲ್ಲಿ ಉದ್ದೇಶ, ಉಪಕರಣ, ವಿಧಾನ, ಫಲಿತಾಂಶ ಇರಲೇಬೇಕಲ್ಲ, ಹಾಗೆ. ಪ್ರಯೋಗ ಆಯಿತೋ ಇಲ್ಲವೋ ಅದು ಬೇರೆ ಮಾತು.

ಈ ಇಡೀ ಚರ್ಚೆಯನ್ನು ಮುದ್ದಣ ಇನ್ನೊಂದು ಲಕ್ಷಣಗ್ರಂಥ ಬರೆದು ಮುಂದುವರಿಸಲಿಲ್ಲ. ಜಗಲಿಗೆ ತಂದು, ಕೇಳುವವಳ ಕೈಗೆ ಕೊಟ್ಟ. ಮನೋರಮೆಗೆ ಬಿರುದಿಲ್ಲ, ಶಾಸ್ತ್ರದ ಹೆಸರು ಹೇಳಿ ಅವಳು ವಾದಿಸುವುದೂ ಇಲ್ಲ. ಅವಳ ಕೈಯಲ್ಲಿರುವ ಅಳತೆಗೋಲು ಒಂದೇ: ಕಿವಿಗೆ ಹಿತವಾಯಿತೋ, ಗಂಟಲಲ್ಲಿ ಇಳಿಯಿತೋ. ಪಂಡಿತನ ಜಾಗದಲ್ಲಿ ಕೇಳುಗಳನ್ನು ಕೂರಿಸಿದ್ದು ಮುದ್ದಣನ ದೊಡ್ಡ ತಮಾಷೆ. ಅದು ಅಷ್ಟೇ ದೊಡ್ಡ ವಿಮರ್ಶೆಯೂ ಹೌದು.

ಕಳೆದ ಜುಲೈನಲ್ಲಿ ವನಗೂರಿನಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಮೊಬೈಲ್ ಸತ್ತಿತ್ತು. ಆಗ ಈ ಸಲ್ಲಾಪವನ್ನು ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ಶಾಲೆಗೆ ಹೋದವರಲ್ಲ. ಹಳಗನ್ನಡದ ಪ್ರತ್ಯಯಗಳಿಗೆ ಮೊದಲು ಮುಖ ಸಿಂಡರಿಸಿದರು. ಕಡುಬಿನ ಮಾತು ಬಂದಾಗ ಮಾತ್ರ ಜೋರಾಗಿ ನಕ್ಕರು. ಮಲೆನಾಡಿನ ಮನೆಯಲ್ಲಿ ಕಡುಬಿಗೆ ಟಿಪ್ಪಣಿ ಬೇಡವಲ್ಲ. ಆಮೇಲೆ ಅವರ ಮೊದಲ ಪ್ರಶ್ನೆ ಕವಿಯ ಬಗ್ಗೆ ಇರಲಿಲ್ಲ. ಈ ಹೆಂಗಸು ಎಲ್ಲಿಯವಳು ಎಂದು ಕೇಳಿದರು. ಲಕ್ಷ್ಮೀನಾರಣಪ್ಪನವರ ಹೆಂಡತಿ ಕಮಲಾಬಾಯಿ ಘಟ್ಟದ ಮೇಲಿನ ಶಿವಮೊಗ್ಗ ಸೀಮೆಯವರು, ಮನೋರಮೆಯಲ್ಲಿ ಅವರ ನೆರಳಿದೆ ಎನ್ನುವವರಿದ್ದಾರೆ ಎಂದೆ. ಅಜ್ಜಿಗೆ ಅದು ಸರಿಹೋಯಿತು. ಮಳೆ ಹಿಡಿದ ಊರಿನವಳಿಗೆ ಮಾತ್ರ ಹಾಗೆ ಕಥೆ ಕೇಳಲು ಪುರುಸೊತ್ತು ಎಂಬುದು ಅವರ ತೀರ್ಪು.

ಹಾಸನದಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿರುವ ನನ್ನ ಅಕ್ಕನಿಗೆ ಇದನ್ನೆಲ್ಲ ಹೇಳಿದಾಗ ಅವಳು ಇನ್ನೊಬ್ಬರ ಹೆಸರು ತೆಗೆದಳು. ಮಾಲ್ಕಮ್ ಬ್ರಾಡ್ಬರಿ ಇಂಗ್ಲೆಂಡಿನ ಕಾದಂಬರಿಕಾರ, ವಿಮರ್ಶಕ, ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ. 1967ರ ಹೊತ್ತಿಗೆ ಫ್ರಾನ್ಸಿನ ರೋಲಾಂ ಬಾರ್ತ್ ಲೇಖಕ ಸತ್ತಿದ್ದಾನೆ ಎಂಬ ಸಿದ್ಧಾಂತ ಮಂಡಿಸಿದ್ದರು. ಬರಹದ ಅರ್ಥ ಬರೆದವನ ಹಿಡಿತದಲ್ಲಿಲ್ಲ, ಓದುಗನೇ ಅದನ್ನು ಕಟ್ಟಿಕೊಳ್ಳುತ್ತಾನೆ ಎಂಬುದು ಅದರ ಸಾರ. ಮುಂದೆ ಇಂಥ ಸಿದ್ಧಾಂತಗಳ ಭಾಷೆ ವಿಶ್ವವಿದ್ಯಾಲಯಗಳಲ್ಲಿ ಎಷ್ಟು ದಟ್ಟವಾಯಿತೆಂದರೆ, 1987ರಲ್ಲಿ ಬ್ರಾಡ್ಬರಿ ಅದನ್ನು ಗೇಲಿ ಮಾಡಿ ಒಂದು ಪುಟ್ಟ ಪುಸ್ತಕವನ್ನೇ ಬರೆದರು. ಅದರಲ್ಲಿ ಹೆನ್ರಿ ಮೆನ್ಸೋಂಜ್ ಎಂಬ ಮಹಾ ಸಿದ್ಧಾಂತಿ ಇದ್ದಾನೆ. ಲೇಖಕನಿಲ್ಲ ಎಂಬ ತತ್ವಕ್ಕೆ ಅವನು ಎಷ್ಟು ನಿಷ್ಠನೆಂದರೆ, ಅವನೇ ಎಲ್ಲಿಯೂ ಸಿಗುವುದಿಲ್ಲ. ಹುಡುಕಿದಷ್ಟೂ ಇಲ್ಲವಾಗುತ್ತಾನೆ. ಆ ಫ್ರೆಂಚ್ ಹೆಸರಿನ ಅರ್ಥವೇ ಸುಳ್ಳು.

ಕೇಳಿ ನಗು ಬಂತು. ಆದರೆ ಆ ನಗು ಮುದ್ದಣನ ಹತ್ತಿರ ಬರುವಾಗ ಸ್ವಲ್ಪ ತಡೆಯುತ್ತದೆ. ಬ್ರಾಡ್ಬರಿ ಇಲ್ಲದ ಒಬ್ಬನನ್ನು ಹುಟ್ಟಿಸಿ, ಪುಸ್ತಕದ ಮೇಲೆ ತಮ್ಮ ಹೆಸರು ಹಾಕಿಕೊಂಡರು. ಲಕ್ಷ್ಮೀನಾರಣಪ್ಪನವರು ಇದ್ದ ತಮ್ಮನ್ನೇ ಇಲ್ಲವಾಗಿಸಿಕೊಂಡರು. ಒಂದು ಕಡೆ ಪ್ರಾಧ್ಯಾಪಕರ ಕುರ್ಚಿಯಿಂದ ಮಾಡಿದ ತಮಾಷೆ, ಇನ್ನೊಂದು ಕಡೆ ಆಟದ ಮೈದಾನದಿಂದ ಮಾಡಿದ ತಮಾಷೆ. ಕುರ್ಚಿ ಇಲ್ಲದವನು ನಗಿಸಬೇಕಾದರೂ ವೇಷ ಹಾಕಬೇಕಿತ್ತು.

ಇದರಲ್ಲಿ ಇನ್ನೊಂದು ವಿಷಯವಿದೆ. ಮುದ್ದಣ ನಿಯಮ ಗೊತ್ತಿಲ್ಲದೆ ನಿಯಮವನ್ನು ನಕ್ಕವನಲ್ಲ. ಇಡೀ ಕಾವ್ಯವನ್ನು ಷಟ್ಪದಿಯಲ್ಲಿ ಕಟ್ಟಿ ಮುಗಿಸಿದ ಮೇಲೆ ಪದ್ಯ ಬೇಡ ಎಂದು ಮನೋರಮೆಯಿಂದ ಹೇಳಿಸಿದ. ತಿಳಿಗನ್ನಡ ಬೇಕು ಎಂದು ಅವಳು ಹಟ ಹಿಡಿಯುವುದು ಕೂಡ, 1900ರ ಸುಮಾರಿಗೆ ಯಾರ ಮನೆಯಲ್ಲೂ ಆಡದಿದ್ದ ಹಳಗನ್ನಡದಲ್ಲಿ. ಹಳೆಯ ಬಟ್ಟೆ ತೊಟ್ಟುಕೊಂಡೇ ಹೊಸ ಮಾತು ಆಡಿದ. ಮೈಸೂರಿನ ವಿದ್ವಾಂಸರು ಅದನ್ನು ಹಳೆಯ ಕೃತಿ ಎಂದು ನಂಬಿದರೆಂದರೆ, ಅವರಿಗೆ ಕನ್ನಡ ತಿಳಿಯದೆ ಅಲ್ಲ. ಇವನಿಗೆ ಅಷ್ಟು ತಿಳಿದಿತ್ತು. ಅವರು ಅಚ್ಚು ಹಾಕಿದ್ದರಿಂದಲೇ ಮುದ್ದಣ ನಮಗೆ ಉಳಿದ ಎಂಬುದನ್ನೂ ಮರೆಯಬಾರದು.

ಅದೇ ದಿನಗಳಲ್ಲಿ, ಅದೇ ಜಿಲ್ಲೆಯಲ್ಲಿ, ಬೇರೆ ದಾರಿಯೂ ತೆರೆಯುತ್ತಿತ್ತು. 1899ರಲ್ಲಿ ಮಂಗಳೂರಿನಿಂದ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಅದನ್ನು ಗುರುತಿಸುತ್ತಾರೆ. ಲಕ್ಷ್ಮೀನಾರಣಪ್ಪನವರಿಗೆ ಇನ್ನು ಇಪ್ಪತ್ತು ವರ್ಷ ಸಿಕ್ಕಿದ್ದರೆ, ಪಂಜೆಯವರ ಜೊತೆ ನಿಂತು ತಮ್ಮದೇ ಹೆಸರಿನಲ್ಲಿ ಹೊಸಗನ್ನಡ ಬರೆಯುವ ಕಾಲ ಬಂದೇ ಬರುತ್ತಿತ್ತು. ಅಷ್ಟು ಸಿಗಲಿಲ್ಲ. ಕ್ಷಯ ಹಿಡಿಯಿತು. ಮಕ್ಕಳಿಗೆ ಎದೆಯುಬ್ಬಿಸಿ ಉಸಿರೆಳೆಯುವುದನ್ನು ಹೇಳಿಕೊಟ್ಟವರಿಗೆ ಉಸಿರಿನದೇ ಕಾಯಿಲೆ. ಆ ರೋಗದ ಕ್ರಿಮಿಯನ್ನು ರಾಬರ್ಟ್ ಕಾಕ್ 1882ರಲ್ಲೇ ಕಂಡುಹಿಡಿದಿದ್ದರು. ಅದನ್ನು ಕೊಲ್ಲುವ ಔಷಧ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಶತ್ರುವಿನ ಹೆಸರು ಗೊತ್ತು, ಆಯುಧವಿಲ್ಲ. ಆ ಅರವತ್ತೊಂದು ವರ್ಷಗಳ ನಡುವೆ ಸಿಕ್ಕಿಬಿದ್ದ ಲಕ್ಷಾಂತರ ಜನರಲ್ಲಿ ಅವರೂ ಒಬ್ಬರು. 1901ರ ಫೆಬ್ರುವರಿಯಲ್ಲಿ ತೀರಿಕೊಂಡರು. ವಯಸ್ಸು ಮೂವತ್ತೊಂದು. ಹಿಂದೆ ಉಳಿದದ್ದು ಹೆಂಡತಿ ಮತ್ತು ಪುಟ್ಟ ಮಗ.

ಲೇಖಕನ ಸಾವು ಎಂಬ ಮಾತನ್ನು ಅಕ್ಕ ಹೇಳಿದಾಗ ನನಗೆ ಮೊದಲು ನೆನಪಾದದ್ದು ಈ ಸಾವು. ಬಾರ್ತ್ ಹೇಳಿದ್ದು ಓದುವ ಬಗೆಯ ಕುರಿತ ಒಂದು ವಾದ. ಅದರಲ್ಲಿ ಹುರುಳಿದೆ. ಮನೋರಮೆ ಕೂಡ ಒಂದರ್ಥದಲ್ಲಿ ಅದನ್ನೇ ಮಾಡುತ್ತಾಳೆ, ಕಥೆ ಹೇಗಿರಬೇಕೆಂದು ಕೇಳುವವಳೇ ತೀರ್ಮಾನಿಸುತ್ತಾಳೆ. ಆದರೆ ಬರೆದವನ ಹೆಸರು ಬೇಡ ಎನ್ನುವುದು ಹೆಸರಿರುವವರಿಗೆ ಸುಲಭ. ಲಕ್ಷ್ಮೀನಾರಣಪ್ಪನವರ ವಿಷಯದಲ್ಲಿ ಆ ಹೆಸರನ್ನು ಹುಡುಕಿ ತಂದು ಪುಸ್ತಕದ ಪಕ್ಕದಲ್ಲಿಡಲು ಇನ್ನೊಬ್ಬರು ದುಡಿಯಬೇಕಾಯಿತು. ಮುದ್ದಣ ಹಳೆಯ ಕಾಲದ ಕವಿಯಲ್ಲ, ಮೊನ್ನೆ ಮೊನ್ನೆಯವರೆಗೆ ಉಡುಪಿಯ ಬೀದಿಯಲ್ಲಿ ನಡೆದಾಡುತ್ತಿದ್ದ ಮೇಷ್ಟ್ರು ಎಂಬ ಸಂಗತಿ ನಾಡಿಗೆ ತಿಳಿದದ್ದು ಅವರು ಹೋದ ಮೇಲೆಯೇ. ಆಮೇಲೆ ಅವನನ್ನು ಹೊಸಗನ್ನಡದ ಮುಂಗೋಳಿ ಎಂದು ಕರೆದರು. ಬೆಳಗಾಗುವ ಮೊದಲೇ ಕೂಗುವ ಕೋಳಿ. ಚಂದದ ಬಿರುದು, ಕೇಳಿಸಿಕೊಳ್ಳಲು ಅವರಿರಲಿಲ್ಲ.

ಆಮೇಲೆ ನಾವು ಮುದ್ದಣನಿಗೆ ಇನ್ನೊಂದು ಕೆಲಸ ಮಾಡಿದೆವು. ಪಠ್ಯಪುಸ್ತಕಕ್ಕೆ ಹಾಕಿದೆವು. ಪಾಂಡಿತ್ಯದ ಭಾರವನ್ನು ನಕ್ಕ ಮನೋರಮೆಯ ಮಾತಿಗೆ ಸಂದರ್ಭ, ಸ್ವಾರಸ್ಯ ಬರೆಯಿರಿ ಎಂದು ಅಂಕ ಇಟ್ಟೆವು. ಕಡುಬು ಎಂದರೆ ಏನು ಎಂದು ಅಡಿಟಿಪ್ಪಣಿ ಕೊಟ್ಟೆವು. ಗಂಟಲಲ್ಲಿ ಇಳಿಯುತ್ತಿಲ್ಲ ಎಂದು ಹೇಳಿದವಳ ಮಾತನ್ನೇ ಗಂಟಲಿಗೆ ತುರುಕಿ ಪರೀಕ್ಷೆ ಪಾಸು ಮಾಡಿಸಿದೆವು. ಮುದ್ದಣ ಇದ್ದಿದ್ದರೆ ಇದರ ಮೇಲೂ ಒಂದು ಸಲ್ಲಾಪ ಬರೆಯುತ್ತಿದ್ದ.

ಇಂಜಿನಿಯರಿಂಗ್ ಓದುವವರಿಗೆ ಸಾಹಿತ್ಯ ಏಕೆ ಎಂದು ಕೇಳುವವರು ನಮ್ಮ ಸುತ್ತ ಬಹಳ ಜನ. ಸಾಹಿತ್ಯದವರಲ್ಲಿಯೂ ಹಾಗೆ ಕೇಳುವವರಿದ್ದಾರೆ, ನಮ್ಮವರಲ್ಲಿಯೂ ಇದ್ದಾರೆ. ನಮಗೆ ಶಾಸ್ತ್ರ ಗೊತ್ತಿಲ್ಲ, ಆದ್ದರಿಂದ ಒಂದು ಪುಸ್ತಕ ಚೆನ್ನಾಗಿದೆ, ಇಲ್ಲ ಎನ್ನುವ ಹಕ್ಕಿಲ್ಲ ಎಂಬ ಅಂಜಿಕೆ ನನ್ನ ಎಷ್ಟೋ ಗೆಳೆಯರಲ್ಲಿ ನೋಡಿದ್ದೇನೆ. ಚೆನ್ನಾಗಿ ಓದಿದ್ದರೂ ಬಾಯಿ ಬಿಡುವುದಿಲ್ಲ. ಕನ್ನಡದ ಒಂದು ದೊಡ್ಡ ಪುಸ್ತಕ, ಹೈಸ್ಕೂಲು ಮುಗಿಸದ ಒಬ್ಬ ಡ್ರಿಲ್ ಮೇಷ್ಟ್ರ ಕೈಯಿಂದ ಬಂತು. ಅದರ ಮೊದಲ ವಿಮರ್ಶಕಿ ಅದೇ ಪುಸ್ತಕದೊಳಗೆ ಕೂತಿರುವ ಒಬ್ಬ ಗೃಹಿಣಿ. ಇದಕ್ಕಿಂತ ದೊಡ್ಡ ಪರವಾನಗಿ ನಮಗೆ ಬೇಕೆ?

ನನಗೆ ಇಪ್ಪತ್ತು. ಲಕ್ಷ್ಮೀನಾರಣಪ್ಪನವರಿಗೆ ಸಿಕ್ಕ ಆಯುಸ್ಸಿನ ಲೆಕ್ಕದಲ್ಲಿ ನೋಡಿದರೆ ಇನ್ನು ಹನ್ನೊಂದು ವರ್ಷ. ಅಷ್ಟರಲ್ಲಿ ಅವರು ಎರಡು ಪ್ರಸಂಗ, ಮೂರು ಕಾವ್ಯ ಬರೆದು, ಶಾಲೆಯ ಗಂಟೆಗೆ ಸರಿಯಾಗಿ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ, ಯಾರಿಗೂ ಏನೂ ಹೇಳದೆ ಇದ್ದರು. ನಾವು ಮೊದಲು ಹೆಸರು ಮಾಡಿ ಆಮೇಲೆ ಕೆಲಸ ಮಾಡೋಣ ಎನ್ನುವ ಕಾಲದವರು. ಅವರಂತೆ ಅಡಗಿ ಕೂರಬೇಕು ಎಂದು ನಾನು ಹೇಳುವುದಿಲ್ಲ. ಅವರನ್ನು ಹಾಗೆ ಅಡಗಿಸಿದ್ದು ಒಳ್ಳೆಯ ಕಾಲವಲ್ಲ. ಯಾರೂ ವೇಷ ಹಾಕದೆ ಒಳಗೆ ಬರುವಷ್ಟು ಬಾಗಿಲು ತೆರೆದಿರಲಿ ಎಂದಷ್ಟೇ ಆಸೆ.

ಈ ಮಳೆಗಾಲದಲ್ಲಿ ಕರೆಂಟ್ ಹೋದ ಒಂದು ಸಂಜೆ, ರಾಮಾಶ್ವಮೇಧದ ಮೊದಲ ಹತ್ತು ಪುಟ ತೆಗೆದು ಮನೆಯವರಿಗೆ ಗಟ್ಟಿಯಾಗಿ ಓದಿ ನೋಡಿ. ಅರ್ಥವಾಗದ ಕಡೆ ನಿಲ್ಲಿಸಿ, ಇದು ಇಳಿಯುತ್ತಿಲ್ಲ ಎಂದು ಧಾರಾಳವಾಗಿ ಬೈಯಿರಿ. ಬೈಯುವವರಿಗೆಂದೇ ಮುದ್ದಣ ಅಲ್ಲಿ ಜಾಗ ಬಿಟ್ಟಿದ್ದಾನೆ.